ಮೊದಲು ನಿಲ್ಲುವುದನ್ನು ಕಲಿಸುವ ಮೇಷ್ಟ್ರು

ಪ್ರಿಯ ಓದುಗರೇ,

ನಮ್ಮ ಸಂಘದ ಎಷ್ಟೋ ಮಕ್ಕಳು ಈಗ ಕರಾಟೆ ಕಲಿಯುತ್ತಿದ್ದಾರೆ. ಅಪ್ಪ ಅಮ್ಮಂದಿರು ಸಿಕ್ಕಾಗ ಮೊದಲು ಬರುವ ಪ್ರಶ್ನೆ, ‘ನಿಮ್ಮವನದು ಯಾವ ಬೆಲ್ಟು?’ ಈ ಮಳೆಗಾಲ ಊರಿಗೆ ಹೋದಾಗ ಕೊಡಗಿನ ಗೋಣಿಕೊಪ್ಪದ ಹತ್ತಿರ ಒಬ್ಬ ಕರಾಟೆ ಮೇಷ್ಟ್ರ ಕ್ಲಾಸು ಕೂತು ನೋಡಿದೆ. ಅವರ ವಿಷಯ ನಿಮಗೆ ಹೇಳಲೇಬೇಕು.

ಮೇಷ್ಟ್ರಿಗೆ ಕರಾಟೆಗಿಂತ ಮುಂಚೆ ಬಂದದ್ದು ಪರಿಯಕಳಿ. ಸುಗ್ಗಿಯ ಹಬ್ಬ ಪುತ್ತರಿಯ ಸಮಯದಲ್ಲಿ ಮಂದ್‌ನಲ್ಲಿ, ಅಂದರೆ ಊರಿನ ಬಯಲಿನಲ್ಲಿ, ಆಡುವ ಈ ಆಟ ಕೊಡಗಿನವರಿಗೆ ಗೊತ್ತೇ ಇದೆ. ಕೈಯಲ್ಲಿ ಬೆತ್ತ, ತಡೆಯಲು ಗುರಾಣಿ, ಏಟು ಮೊಣಕಾಲಿನ ಕೆಳಗೆ ಮಾತ್ರ. ಕಾಲೇಜಿಗೆಂದು ಮೈಸೂರು ಸೇರಿದ ಮೇಲೆ ಕರಾಟೆಯ ಒಂದು ಶೈಲಿಯಾದ ಶೋಟೊಕಾನ್‌ಗೆ ಸೇರಿಕೊಂಡರು. ಅಲ್ಲಿ ಕಲಿತ ಮೊದಲ ಕಟಾ, ಅಂದರೆ ಗೊತ್ತಾದ ಕ್ರಮದಲ್ಲಿ ಒಬ್ಬರೇ ಮಾಡುವ ತಡೆ-ಹೊಡೆತಗಳ ಸರಣಿ, ಹೇಯಾನ್ ಶೋದಾನ್. ಅದು ಶುರುವಾಗುವುದೇ ಕೆಳಗೆ ಬರುವ ಹೊಡೆತವನ್ನು ಮುಂಗೈಯಿಂದ ಬದಿಗೆ ಸರಿಸುವ ತಡೆಯಿಂದ. ‘ಕಾಲಿನ ಮೇಲೆ ಬರುವ ಏಟು ನನಗೆ ಮೊದಲೇ ಪರಿಚಯ ಇತ್ತಲ್ಲ’ ಎಂದರು.

ಈ ಕಟಾದ ಹಿಂದೆ ದೊಡ್ಡ ವಿವೇಕವಿದೆ. ಜಪಾನಿನ ಓಕಿನಾವಾ ದ್ವೀಪದ ಕರಾಟೆ ಗುರು ಆಂಕೊ ಇತೊಸು 20ನೇ ಶತಮಾನದ ಆರಂಭದಲ್ಲಿ ಕರಾಟೆಯನ್ನು ಶಾಲೆಗೆ ತಂದರು. ಆಗ ಮಕ್ಕಳಿಗಾಗಿ ಹೊಂದಿಸಿದ ಐದು ಕಟಾಗಳಲ್ಲಿ ಇದೂ ಒಂದು. ಐದೂ ಶುರುವಾಗುವುದು ತಡೆಯಿಂದಲೇ. ಮೊದಲ ಏಟು ಕರಾಟೆಯವನದಲ್ಲ ಎಂದು ಅವರ ಶಿಷ್ಯ ಗಿಚಿನ್ ಫುನಾಕೋಶಿ ಹೇಳಿದ್ದು ಬಾಯಿಮಾತಿಗಲ್ಲ, ಪಾಠದ ಕ್ರಮದಲ್ಲೇ ಅದು ಕೂತಿದೆ.

ನಮ್ಮ ಮೇಷ್ಟ್ರೂ ಹಾಗೆಯೇ. ಹೊಸಬರಿಗೆ ಒದೆತ ಹೇಳಿಕೊಡುವುದೇ ಇಲ್ಲ. ಮೊದಲು ನಿಲುವು: ಮುಂದಿನ ಮಂಡಿ ಬಗ್ಗಬೇಕು, ಹಿಂದಿನ ಕಾಲು ನೆಟ್ಟಗಿರಬೇಕು, ಹಿಮ್ಮಡಿ ನೆಲ ಬಿಡಬಾರದು. ಮಕ್ಕಳ ತೊಡೆ ನಡುಗುತ್ತಿತ್ತು, ಯಾರನ್ನೂ ಗದರಲಿಲ್ಲ. ಒಂದು ಪುಟ್ಟ ಹುಡುಗಿ ಹೆಬ್ಬೆರಳನ್ನು ಒಳಗೆ ಸೇರಿಸಿ ಮುಷ್ಟಿ ಕಟ್ಟಿದ್ದಳು. ಮೇಷ್ಟ್ರು ಅವಳೆದುರು ಕುಕ್ಕರಗಾಲಲ್ಲಿ ಕೂತು, ಒಂದೊಂದೇ ಬೆರಳು ಬಿಡಿಸಿ, ಕಿರುಬೆರಳಿನಿಂದ ಮತ್ತೆ ಮಡಚಿಸಿ, ಹೆಬ್ಬೆರಳನ್ನು ಹೊರಗಡೆ ಒತ್ತಿಸಿದರು. ‘ಹೀಗಿದ್ದರೆ ಬೆರಳು ಮುರಿಯೋದಿಲ್ಲ ಮಗಾ’ ಎಂದು ತಮ್ಮ ಅಂಗೈಗೆ ಮೆಲ್ಲಗೆ ಗುದ್ದಿಸಿಕೊಂಡರು. ಆಮೇಲೆ ಅವಳ ಇನ್ನೊಂದು ಕೈ ಸೊಂಟಕ್ಕೆ ಬಂದಿದೆಯಾ ಎಂದು ನೋಡಿದರು. ಇಷ್ಟು ತಾಳ್ಮೆಯ ಪಾಠವನ್ನು ನಾನು ನೋಡಿದ್ದು ಕಡಿಮೆ.

ಇನ್ನು ಬೆಲ್ಟಿನ ಮಾತು. ಅದು ಓಕಿನಾವಾದ ಹಳೆಯ ಪದ್ಧತಿಯೇ ಅಲ್ಲ, ಜೂಡೋದಿಂದ ಬಂದದ್ದು. ಫುನಾಕೋಶಿ ಮೊದಲ ಬಾರಿಗೆ ಬ್ಲ್ಯಾಕ್ ಬೆಲ್ಟ್ ಕೊಟ್ಟಿದ್ದು 1924ರಲ್ಲಿ. ಮಕ್ಕಳಿಗೆ ಹುರುಪು ಕೊಡುತ್ತದೆ, ಒಪ್ಪುತ್ತೇನೆ. ಆದರೆ ತಿಂಗಳಿಗೊಂದು ಬಣ್ಣ ಬದಲಿಸುವ ಕ್ಲಾಸಿಗೆ ದುಡ್ಡು ಕಟ್ಟುವ ಮೊದಲು, ಅಲ್ಲಿ ಹೊಸ ಮಗುವಿನ ಮುಷ್ಟಿಯನ್ನು ಯಾರಾದರೂ ಹಿಡಿದು ನೋಡುತ್ತಾರಾ ಎಂದು ಒಂದು ಸಂಜೆ ಕೂತು ಗಮನಿಸಿ.

ರಾಜ್ಯೋತ್ಸವದ ವೇದಿಕೆಗೆ ಕರಾಟೆ ಪ್ರದರ್ಶನ ಬೇಕೆಂದು ಕೆಲವರು ಕೇಳಿದ್ದೀರಿ. ಹೆಂಚು ಒಡೆಯುವುದು ಬೇಡ. ಬಿಳಿ ಬೆಲ್ಟಿನ ಮಕ್ಕಳೂ ಸೇರಿ ಎಲ್ಲರೂ ಒಟ್ಟಿಗೆ ಹೇಯಾನ್ ಶೋದಾನ್ ಮಾಡಲಿ. ಒಂದು ನಿಮಿಷ ಸಾಕು. ಸೇರುವವರು ಅಕ್ಟೋಬರ್ ಮೊದಲ ವಾರದೊಳಗೆ ಸಮಿತಿಗೆ ಹೆಸರು ಕೊಡಿ.

— ಸಂಪಾದಕ