ಟಿಎಗೆ ಸಂಬಳ ಇದೆ, ಆಟಗಾರರಿಗೆ ಯಾಕಿಲ್ಲ? ಸಂಸದ ಶ್ರೀ ಥಾನೇದಾರ್ ಅವರಿಗೊಂದು ಬಹಿರಂಗ ಪತ್ರ

ಮಾನ್ಯ ಶ್ರೀ ಥಾನೇದಾರ್ ಅವರೇ,

ನಮಸ್ಕಾರ. ನಾನು ಮಿಷಿಗನ್‌ನ ಕ್ಯಾಂಟನ್‌ನಲ್ಲಿ ಇರುವವನು. ಹಾಗಾಗಿ ನನ್ನ ಮತ ನಿಮ್ಮ ಕ್ಷೇತ್ರದಲ್ಲಿಲ್ಲ. ಆದರೂ ನಿಮಗೇ ಬರೆಯುತ್ತಿದ್ದೇನೆ, ಅದೂ ಕನ್ನಡದಲ್ಲಿ. ಚಿಕ್ಕೋಡಿಯಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಬೆಳೆದು, ಅಮೆರಿಕದ ಸಂಸತ್ತಿನಲ್ಲಿ ಕೂತವರು ನನಗೆ ಗೊತ್ತಿರೋ ಮಟ್ಟಿಗೆ ನೀವೊಬ್ಬರೇ. ಜೊತೆಗೆ ನಾನು ಹೇಳಹೊರಟಿರೋದರಲ್ಲಿ ನಿಮ್ಮ ಕ್ಷೇತ್ರದ ಡೆಟ್ರಾಯಿಟ್‌ನ ಪಾಲೂ ಇದೆ.

ವಿಷಯ ಸ್ಕೋರ್ ಆಕ್ಟ್. 2025ರ ಜುಲೈನಲ್ಲಿ ನಿಮ್ಮ ಸದನಕ್ಕೆ ಬಂದ ಮಸೂದೆ. ಡಿಸೆಂಬರ್‌ನಲ್ಲಿ ಮತಕ್ಕೆ ಹಾಕಬೇಕು ಅಂತಿದ್ದರು, ಕೊನೇ ಗಳಿಗೆಯಲ್ಲಿ ಹಿಂದೆ ಸರಿಸಿದರು. ಇದೇ ರೂಪದಲ್ಲೋ, ಹೆಸರು ಬದಲಿಸಿಕೊಂಡೋ ಇಂಥದ್ದು ಮತ್ತೆ ಮತ್ತೆ ಬರುತ್ತೆ. ಅದರಲ್ಲಿರೋದು ಮುಖ್ಯವಾಗಿ ಮೂರು ಮಾತು. ಕಾಲೇಜು ಆಟಗಳನ್ನು ನಡೆಸುವ ಎನ್‌ಸಿಎಎ ಮೇಲೆ ಏಕಸ್ವಾಮ್ಯ ತಡೆ ಕಾನೂನಿನಡಿ ಕೇಸು ಹಾಕೋದು ಕಷ್ಟವಾಗುತ್ತೆ. ರಾಜ್ಯಗಳು ಮಾಡಿಕೊಂಡ ಕಾನೂನುಗಳು ಬದಿಗೆ ಸರಿಯುತ್ತವೆ. ಮತ್ತು ಕಾಲೇಜು ಆಟಗಾರರು ಕಾಲೇಜಿನ ನೌಕರರಲ್ಲ ಅಂತ ದೇಶದ ಕಾನೂನೇ ಹೇಳಿಬಿಡುತ್ತೆ. ನನ್ನ ತಕರಾರು ಹೆಚ್ಚಾಗಿ ಈ ಮೂರನೆಯದರ ಮೇಲೆ.

ನೀವು ಏಕ್ರನ್ ಯೂನಿವರ್ಸಿಟಿಯಲ್ಲಿ ಕೆಮಿಸ್ಟ್ರಿ ಪಿಎಚ್‌ಡಿ ಮಾಡಿದವರು. ಟಿಎ, ಆರ್‌ಎ ಅಂದ್ರೆ, ಓದುತ್ತಲೇ ಪಾಠಕ್ಕೋ ಸಂಶೋಧನೆಗೋ ಸಹಾಯಕರಾಗಿ ದುಡಿಯೋದು ಅಂದ್ರೆ, ಏನು ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಈ ದೇಶಕ್ಕೆ ಎಂಎಸ್, ಪಿಎಚ್‌ಡಿ ಅಂತ ಬಂದ ನಮ್ಮ ಕಡೆಯ ಎಷ್ಟೋ ಹುಡುಗ ಹುಡುಗಿಯರು ಬದುಕಿದ್ದೇ ಆ ದುಡ್ಡಿನಲ್ಲಿ. ಬೆಳಗ್ಗೆ ಕ್ಲಾಸು, ಮಧ್ಯಾಹ್ನ ಲ್ಯಾಬು, ರಾತ್ರಿ ಕೂತು ಅಂಡರ್‌ಗ್ರ್ಯಾಡ್‌ಗಳ ಹೋಂವರ್ಕ್ ತಿದ್ದೋದು. ಫೀಸು ಮಾಫಿ, ಕೈಗೆ ಸಂಬಳ, ಹೆಚ್ಚಿನ ಕಡೆ ಇನ್ಶೂರೆನ್ಸು. ಸಂಬಳ ತಗೊಂಡಿದ್ದಕ್ಕೆ ಇವರ ಓದು ಕೆಟ್ಟಿತು, ವಿದ್ಯೆಯ ಪಾವಿತ್ರ್ಯ ಹಾಳಾಯಿತು ಅಂತ ಯಾರೂ ಕೂಗಾಡಲಿಲ್ಲ. ಪಕ್ಕದ ಆನ್ ಆರ್ಬರ್‌ನ ಮಿಷಿಗನ್ ಯೂನಿವರ್ಸಿಟಿಯಲ್ಲಿ ಟಿಎಗಳು 1975ರಲ್ಲೇ ಮುಷ್ಕರ ಹೂಡಿ ಯೂನಿವರ್ಸಿಟಿ ಜೊತೆ ಒಪ್ಪಂದ ಮಾಡಿಕೊಂಡರು. ಅವರ ಸಂಘ ಈಗಲೂ ಇದೆ, 2023ರಲ್ಲೂ ಮುಷ್ಕರ ಮಾಡಿತು. ವಿದ್ಯಾರ್ಥಿಯೂ ಹೌದು, ನೌಕರರೂ ಹೌದು. ಒಬ್ಬರೇ ಎರಡೂ ಆಗಬಹುದು ಅಂತ ಆ ಯೂನಿವರ್ಸಿಟಿ 50 ವರ್ಷದಿಂದ ಒಪ್ಪಿಕೊಂಡೇ ಬಂದಿದೆಯಲ್ವಾ? ಆದರೆ ಅದೇ ಕ್ಯಾಂಪಸ್ಸಿನಲ್ಲಿ, ಒಂದು ಲಕ್ಷಕ್ಕೂ ಜಾಸ್ತಿ ಜನ ಟಿಕೆಟ್ ಕೊಟ್ಟು ಬಂದು ಕೂರುವ ಬಿಗ್ ಹೌಸ್ ಫುಟ್‌ಬಾಲ್ ಸ್ಟೇಡಿಯಂನಲ್ಲಿ, ಮೈಮೂಳೆ ಮುರಿದುಕೊಂಡು ಆಡುವವನು ಮಾತ್ರ ನೌಕರ ಅಲ್ಲ. ನಮ್ಮ ಮಿಷಿಗನ್ ಶಾಸನಸಭೆಯೇ 2014ರ ಡಿಸೆಂಬರ್‌ನಲ್ಲಿ ತರಾತುರಿಯಲ್ಲಿ ಹೀಗೆ ಕಾನೂನು ಮಾಡಿತು. ಅದೇ ವರ್ಷ ನಾರ್ತ್‌ವೆಸ್ಟರ್ನ್ ಯೂನಿವರ್ಸಿಟಿಯ ಫುಟ್‌ಬಾಲ್ ಹುಡುಗರು ಸಂಘ ಕಟ್ಟಲು ಹೊರಟಿದ್ದರು, ಅದರ ಗಾಬರಿ.

ಆ ಕೆಲಸ ಎಷ್ಟು ಹೊತ್ತಿನದು ಅಂತ ನೋಡಿ. ವಾರಕ್ಕೆ 20 ಗಂಟೆಗಿಂತ ಹೆಚ್ಚು ಆಟದ ಕೆಲಸ ಹೇರಬಾರದು ಅಂತ ಎನ್‌ಸಿಎಎ ನಿಯಮ ಇದೆ. ಕೇಳೋಕೆ ಚೆನ್ನಾಗಿದೆ. ಆದರೆ ಪಂದ್ಯದ ದಿನ ಎಷ್ಟೇ ಹೊತ್ತು ಹೋಗಲಿ, ಲೆಕ್ಕಕ್ಕೆ ಬರೋದು 3 ಗಂಟೆ ಮಾತ್ರ! ಬೆಳಗ್ಗೆ ಎದ್ದು ತಂಡದ ಜೊತೆ ತಿಂಡಿ, ಮೀಟಿಂಗು, ಕಾಲಿಗೆ ಟೇಪು, ವಾರ್ಮ್‌ಅಪ್, ಪಂದ್ಯ, ಆಮೇಲೆ ಟಿವಿಯವರ ಮುಂದೆ ಮಾತು, ಎಲ್ಲಾ ಸೇರಿ ಮೂರೇ ಗಂಟೆ. ಪ್ರಯಾಣ ಲೆಕ್ಕಕ್ಕೇ ಇಲ್ಲ. ಬಿಗ್ ಟೆನ್ ಅನ್ನೋ ನಮ್ಮ ಕಾಲೇಜುಗಳ ಕೂಟಕ್ಕೆ 2024ರಲ್ಲಿ ಲಾಸ್ ಏಂಜಲೀಸ್‌ನ ಯುಸಿಎಲ್‌ಎ, ಯುಎಸ್‌ಸಿ ಯೂನಿವರ್ಸಿಟಿಗಳೆರಡೂ ಸೇರಿಕೊಂಡವು. ಕಾರಣ ಟಿವಿ ದುಡ್ಡು, ಬೇರೇನಿಲ್ಲ. ಫಾಕ್ಸ್, ಸಿಬಿಎಸ್, ಎನ್‌ಬಿಸಿ ಜೊತೆ ಏಳು ವರ್ಷಕ್ಕೆ 700 ಕೋಟಿ ಡಾಲರ್ ದಾಟಿದ ಒಪ್ಪಂದ ಅದು. ಅದಕ್ಕಾಗಿ ಈಗ ವಾಲಿಬಾಲ್ ಆಡುವ ಹುಡುಗಿ ಕೂಡ ಪೆಸಿಫಿಕ್ ದಡದಿಂದ ನ್ಯೂಜೆರ್ಸಿಗೆ ಹಾರಿ, ಆಡಿ, ಮತ್ತೆ ಹಾರಿ, ಮೂರು ಗಂಟೆ ಹಿಂದೆ ಮುಂದೆ ಆದ ಗಡಿಯಾರ ಇಟ್ಟುಕೊಂಡು ಮಿಡ್‌ಟರ್ಮ್ ಬರೆಯಬೇಕು. ಇದಕ್ಕೆ ಕೆಲಸ ಅನ್ನದೆ ಇನ್ನೇನನ್ನಬೇಕು, ನೀವೇ ಹೇಳಿ.

ಈಗ ಡೆಟ್ರಾಯಿಟ್‌ಗೆ ಬರೋಣ. 1991ರಲ್ಲಿ ಆನ್ ಆರ್ಬರ್‌ಗೆ ಬ್ಯಾಸ್ಕೆಟ್‌ಬಾಲ್ ಆಡೋಕೆ ಐದು ಜನ ಹೊಸ ಹುಡುಗರು ಬಂದರು, ಫ್ಯಾಬ್ ಫೈವ್ ಅಂತ ಹೆಸರಾದವರು. ಅದರಲ್ಲಿ ಕ್ರಿಸ್ ವೆಬ್ಬರ್, ಜೇಲನ್ ರೋಸ್ ಇಬ್ಬರೂ ನಿಮ್ಮ ಡೆಟ್ರಾಯಿಟ್‌ನವರೇ. 1992, 1993 ಎರಡೂ ವರ್ಷ ತಂಡ ಫೈನಲ್ ತಲುಪಿತು. ಆ ದೊಗಳೆ ಚಡ್ಡಿ, ಕಪ್ಪು ಸಾಕ್ಸು ದೇಶದ ಹುಡುಗರಿಗೆಲ್ಲ ಹುಚ್ಚು ಹಿಡಿಸಿತು. ಜರ್ಸಿ ಮಾರಿದ ದುಡ್ಡು ಯೂನಿವರ್ಸಿಟಿಗೆ, ಬಟ್ಟೆ ಕಂಪನಿಗೆ, ಅಂಗಡಿಗೆ ಹೋಯಿತು. ಆಡಿದವರಿಗೆ ಅದರಲ್ಲಿ ಚಿಕ್ಕಾಸೂ ಇಲ್ಲ, ನಿಯಮವೇ ಹಾಗಿತ್ತು. ಆಮೇಲೆ ಹೊರಬಿದ್ದದ್ದು ಎಡ್ ಮಾರ್ಟಿನ್ ಕಥೆ. ಫೋರ್ಡ್‌ನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು, ಕಾರ್ಖಾನೆಗಳಲ್ಲಿ ಮಟ್ಕಾ ಥರದ ನಂಬರ್ ಆಟ ನಡೆಸುತ್ತಿದ್ದ ಆಸಾಮಿ. ವೆಬ್ಬರ್ ಸೇರಿ ನಾಲ್ವರು ಮಿಷಿಗನ್ ಆಟಗಾರರಿಗೆ 6,16,000 ಡಾಲರ್ ಸಾಲ ಕೊಟ್ಟಿದ್ದೆ ಅಂತ ಒಪ್ಪಿಕೊಂಡ. 2002ರಲ್ಲಿ ಯೂನಿವರ್ಸಿಟಿ ಆ ಎರಡು ವರ್ಷದ ಸಾಧನೆಯ ಬ್ಯಾನರ್‌ಗಳನ್ನು ಇಳಿಸಿತು. ವೆಬ್ಬರ್ ಮಾಡಿದ್ದು ಸರಿ ಅಂತ ನಾನು ಹೇಳುತ್ತಿಲ್ಲ, ಗ್ರ್ಯಾಂಡ್ ಜ್ಯೂರಿ ಮುಂದೆ ಸುಳ್ಳು ಹೇಳಿದ್ದಂತೂ ತಪ್ಪೇ. ಆದರೆ ಮುಂದಿನ ಬಾಗಿಲು ಮುಚ್ಚಿದ ಮೇಲೆ ದುಡ್ಡು ಹಿತ್ತಲಿನಿಂದ ಬರದೆ ಇರುತ್ತಾ? ಹಾಗೆ ಬಂದಾಗ ಜೊತೆಗೆ ಜೂಜಿನವನೂ ಬರುತ್ತಾನೆ.

ಈಗ ಕಾಲ ಬದಲಾಗಿದೆ, ದುಡ್ಡು ಸಿಗುತ್ತಿದೆಯಲ್ಲ ಅಂತೀರೇನೋ. ಸಿಗುತ್ತಿದೆ, ನಿಜ. 2021ರ ಜುಲೈನಿಂದ ಹೆಸರು, ಮುಖ ತೋರಿಸಿ ಜಾಹೀರಾತಿನಲ್ಲಿ ಗಳಿಸಬಹುದು. 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಆಟಗಾರರು ಎನ್‌ಸಿಎಎ ಮೇಲೆ ಹಾಕಿದ್ದ ಹೌಸ್ ಕೇಸಿನ ರಾಜಿಗೆ ಒಪ್ಪಿಗೆ ಕೊಟ್ಟರು. ಹಳೇ ಆಟಗಾರರಿಗೆ 10 ವರ್ಷದಲ್ಲಿ ಸುಮಾರು 280 ಕೋಟಿ ಡಾಲರ್. ಈಗಿನವರಿಗೆ ಕಾಲೇಜು ನೇರವಾಗಿ ಕೊಡಬಹುದು, ಮೊದಲ ವರ್ಷ ಹೆಚ್ಚೆಂದರೆ 2.05 ಕೋಟಿ ಡಾಲರ್, ಇಡೀ ಕಾಲೇಜಿಗೆ ಸೇರಿ. ಆ ಮಿತಿಯನ್ನು ಗೊತ್ತು ಮಾಡಿದ್ದು ಎರಡು ಕಡೆ ವಕೀಲರು. ವೃತ್ತಿಪರ ಲೀಗ್‌ಗಳಾದ ಎನ್‌ಎಫ್‌ಎಲ್, ಎನ್‌ಬಿಎಗಳಲ್ಲೂ ಸಂಬಳಕ್ಕೆ ಮಿತಿ ಇದೆ, ಆದರೆ ಅಲ್ಲಿ ಆಟಗಾರರ ಸಂಘ ಎದುರು ಕೂತು ಚೌಕಾಸಿ ಮಾಡಿ ಒಪ್ಪಿದ ಮೇಲೆ ಬರುವ ಮಿತಿ ಅದು. ಇಲ್ಲಿ ಆ ಕುರ್ಚಿ ಖಾಲಿ. ಸ್ಕೋರ್ ಆಕ್ಟ್ ಬಂದರೆ ಅದನ್ನು ಎತ್ತಿಯೇ ಇಡುತ್ತಾರೆ. ತರಬೇತುದಾರರಿಗೆ ಇಂಥ ಮಿತಿ ಯಾರೂ ಹಾಕಿಲ್ಲ ಅನ್ನೋದನ್ನೂ ನೆನಪಿಡಿ. 2023ರಲ್ಲಿ ಟೆಕ್ಸಸ್ ಎ ಅಂಡ್ ಎಂ ಯೂನಿವರ್ಸಿಟಿ ತನ್ನ ಫುಟ್‌ಬಾಲ್ ತರಬೇತುದಾರ ಜಿಂಬೊ ಫಿಷರ್ ಅವರನ್ನು ಮನೆಗೆ ಕಳಿಸಿತಲ್ಲ, ಕೆಲಸ ಮಾಡದೆ ಇರೋದಕ್ಕೆ ಅವರಿಗೆ ಸಿಗಬೇಕಾದ ಮೊತ್ತ 7.5 ಕೋಟಿ ಡಾಲರ್‌ಗೂ ಜಾಸ್ತಿ!

ಸ್ಕಾಲರ್‌ಶಿಪ್ ಸಿಗುತ್ತಲ್ಲ, ಇನ್ನೇನು ಬೇಕಂತೆ ಇವರಿಗೆ? ಹಬ್ಬದೂಟಕ್ಕೆ ಸೇರಿದಾಗ ನಮ್ಮವರೇ ಹೀಗಂತಾರೆ. ಮಕ್ಕಳ ಫೀಸು ಕಟ್ಟಿ ಸುಸ್ತಾದವರ ಮಾತು, ನನಗೆ ಅರ್ಥವಾಗುತ್ತೆ. ಆದರೆ 2014ರಲ್ಲಿ ಕನೆಕ್ಟಿಕಟ್ ಯೂನಿವರ್ಸಿಟಿಯ (ಯುಕಾನ್) ಶಬಾಜ್ ನೇಪಿಯರ್, ಬ್ಯಾಸ್ಕೆಟ್‌ಬಾಲ್ ಚಾಂಪಿಯನ್ ತಂಡದ ಆಟಗಾರ, ಕೆಲವು ರಾತ್ರಿ ಹಸಿದೇ ಮಲಗುತ್ತೇನೆ ಅಂದದ್ದು ಸ್ಕಾಲರ್‌ಶಿಪ್ ಇದ್ದಾಗಲೇ. ಆ ಮಾತು ಊರೆಲ್ಲ ಆದ ಮೇಲೆ, ಅದೇ ತಿಂಗಳು, ಆಟಗಾರರಿಗೆ ಊಟಕ್ಕಿದ್ದ ಮಿತಿಯನ್ನು ಎನ್‌ಸಿಎಎ ತೆಗೆಯಿತು.

ಇನ್ನು ಗಾಯದ ಮಾತು. 1955ರಲ್ಲಿ ರೇ ಡೆನಿಸನ್ ಅನ್ನೋ ಹುಡುಗ ಕೊಲೊರಾಡೊದ ಫೋರ್ಟ್ ಲೂಯಿಸ್ ಕಾಲೇಜಿಗೆ ಆಡುವಾಗ ತಲೆಗೆ ಪೆಟ್ಟು ಬಿದ್ದು ತೀರಿಕೊಂಡ. ಹೆಂಡತಿ ಕಾರ್ಮಿಕರ ಪರಿಹಾರ ಕೇಳಿದರು. ಕಾಲೇಜು ಫುಟ್‌ಬಾಲ್ ವ್ಯಾಪಾರ ಮಾಡುತ್ತಿಲ್ಲ, ಹಾಗಾಗಿ ಪರಿಹಾರ ಇಲ್ಲ ಅಂತ 1957ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ಆ ಚಿಕ್ಕ ಕಾಲೇಜಿನ ಮಟ್ಟಿಗೆ ಆವತ್ತು ಅದು ನಿಜವೇ ಇರಬಹುದು. ಇವತ್ತು ಬಿಗ್ ಟೆನ್ ಬಗ್ಗೆ ಹಾಗೆ ಹೇಳೋಕೆ ಯಾರಿಗಾದರೂ ಬಾಯಿ ಬರುತ್ತಾ? ಆಟ ಬಿಟ್ಟ ಮೇಲೂ ಕೆಲವು ವರ್ಷ ವೈದ್ಯಕೀಯ ನೆರವು ಕೊಡಬೇಕು ಅನ್ನೋ ಅಂಶ ಸ್ಕೋರ್ ಆಕ್ಟ್‌ನಲ್ಲಿದೆ, ಅದು ಒಳ್ಳೇದೇ. ಆದರೆ ಕಾರ್ಖಾನೆಯಲ್ಲಿ ಬೆರಳು ಕಳಕೊಂಡವನಿಗೆ ಇರೋ ಹಕ್ಕು ಇವರಿಗೆ ಬರೋದು ನೌಕರರು ಅಂತಾದಾಗ ಮಾತ್ರ.

ಎಲ್ಲ ಕಾಲೇಜಿನ ಎಲ್ಲ ಆಟಗಾರರಿಗೂ ಸಂಬಳ ಕೊಡಿ ಅಂತ ನಾನು ಕೇಳುತ್ತಿಲ್ಲ. ಎನ್‌ಸಿಎಎಯ ಎರಡನೇ ದರ್ಜೆಯಾದ ಡಿವಿಷನ್ 2ರಲ್ಲಿ ಆಡುವ ನಿಮ್ಮ ವೇಯ್ನ್ ಸ್ಟೇಟ್‌ಗೆ ಟಿವಿ ಕೋಟಿಗಳು ಬರಲ್ಲ. ಟಿಕೆಟ್, ಟಿವಿ ದುಡ್ಡು ಎಲ್ಲಿದೆಯೋ ಅಲ್ಲಿಯ ಮಾತು ಇದು. ಸಂಬಳ ಕೊಟ್ಟರೆ ಈಜು, ಕುಸ್ತಿ ತಂಡಗಳನ್ನು ಮುಚ್ಚಬೇಕಾಗುತ್ತೆ ಅನ್ನೋ ಭಯವನ್ನು ಮಾತ್ರ ತಳ್ಳಿಹಾಕಲಾರೆ, ಕೆಲವು ಕಡೆ ಹಾಗಾಗಬಹುದು. ಆದರೆ ಆ ತಂಡಗಳನ್ನು ಉಳಿಸುವ ಖರ್ಚು ಫುಟ್‌ಬಾಲ್ ಆಡುವ ಹುಡುಗನ ಜೇಬಿನಿಂದಲೇ ಯಾಕೆ ಹೋಗಬೇಕು?

ಕೊನೆಗೆ ನಮ್ಮವರಿಗೆ ತಾಗುವ ಒಂದು ವಿಷಯ. ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಬಂದು ಆಡುವವರು ಇಲ್ಲಿ ಜಾಹೀರಾತು ಮಾಡಿ ಗಳಿಸಿದರೆ ವೀಸಾಕ್ಕೇ ಕುತ್ತು. ಕಾಂಗೋದಿಂದ ಬಂದು ಕೆಂಟಕಿ ಯೂನಿವರ್ಸಿಟಿಗೆ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದ ಆಸ್ಕರ್ ಶೀಬ್ವೆ, 2022ರಲ್ಲಿ ತಂಡ ಬಹಾಮಾಸ್‌ಗೆ ಹೋಗಿದ್ದಾಗ ಅಲ್ಲೇ ಜಾಹೀರಾತಿನ ಕೆಲಸ ಮುಗಿಸಿಕೊಂಡು ಬರಬೇಕಾಯಿತು. ಕ್ಯಾನ್ಸಸ್ ಸ್ಟೇಟ್‌ಗೆ ಎತ್ತರ ಜಿಗಿತದಲ್ಲಿ ಎರಡು ಸಲ ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟ ನಮ್ಮ ತೇಜಸ್ವಿನ್ ಶಂಕರ್ ಥರದವರ ದಾರಿಗೂ ಇದೇ ಬೇಲಿ. ಅದೇ ವೀಸಾದಲ್ಲಿ ಕ್ಯಾಂಪಸ್ ಒಳಗೆ ವಾರಕ್ಕೆ 20 ಗಂಟೆ ದುಡಿಯೋಕೆ ಒಪ್ಪಿಗೆ ಇದೆ. ಲೈಬ್ರರಿಯಲ್ಲಿ ಪುಸ್ತಕ ಜೋಡಿಸಿದರೆ ಸಂಬಳ ಸಿಗುತ್ತೆ. ಆಟವನ್ನೂ ಕ್ಯಾಂಪಸ್ ಕೆಲಸ ಅಂತ ಎಣಿಸಿದರೆ ಈ ಗಂಟು ಅರ್ಧ ಬಿಚ್ಚಿದ ಹಾಗೆ. ನೀವು ಹೋಮ್‌ಲ್ಯಾಂಡ್ ಸೆಕ್ಯುರಿಟಿ ಸಮಿತಿಯಲ್ಲಿದ್ದೀರಿ, ವಿದ್ಯಾರ್ಥಿ ವೀಸಾ ನಿಯಮಗಳನ್ನು ನೋಡಿಕೊಳ್ಳೋದು ಅದೇ ಇಲಾಖೆ. ಅಲ್ಲಿ ಈ ಪ್ರಶ್ನೆ ಎತ್ತಲು ಬೇರೆಯವರ ಮಸೂದೆಗೆ ಕಾಯಬೇಕಿಲ್ಲ.

ಸ್ಕೋರ್ ಆಕ್ಟ್ ಮತ್ತೆ ಮತಕ್ಕೆ ಬಂದಾಗ, ನೌಕರರಲ್ಲ ಅನ್ನೋ ಆ ಸಾಲು ಅದರಲ್ಲಿ ಇರೋವರೆಗೂ ಬೇಡ ಅನ್ನಿ. ಪಕ್ಷದವರು ಏನಂತಾರೆ ಅಂತ ಕಾಯದೆ, ಯಾವ ಕಡೆ ಕೈ ಎತ್ತುತ್ತೀರಿ ಅನ್ನೋದನ್ನು ಮೊದಲೇ ಹೇಳಿಬಿಡಿ. ಉತ್ತರ ಯಾವ ಭಾಷೆಯಲ್ಲಿ ಬಂದರೂ ಸರಿ.

ಇಂತಿ,
ಕ್ಯಾಂಟನ್‌ನಿಂದ ಒಬ್ಬ ಧಾರವಾಡದವ