ಅವನು ಮೊದಲು ಕೇಳಿದ್ದು ನೀರು

ಪ್ರೀತಿಯ ಮಗಳೇ,

ಮಸ್ಕತ್ ತಲುಪಿದೆ ಅಂತ ನಿನ್ನ ಮೆಸೇಜ್ ಬಂತು. ಅದರ ಕೆಳಗೆ "ಎಲ್ಲಾ ನೋಡೋ ದೇವರು ನನಗಿನ್ನು ಬೇಡ ಅಪ್ಪಾ" ಅಂತ ಬರೆದಿದ್ದೆ. ಫೋನಿನಲ್ಲಿ ಮಾತಾಡಿದರೆ ಜಗಳವಾಗುತ್ತದೆ. ಅದಕ್ಕೇ ಈ ಪತ್ರ.

ಆ ಭಾನುವಾರ ಏನಾಯಿತೆಂದು ನಿನಗೂ ಗೊತ್ತು, ನನಗೂ ಗೊತ್ತು. ಹೊರಗಿನಿಂದ ಬಂದ ಬೋಧಕರು ಬಾವಿಯ ಹತ್ತಿರ ಯೇಸುವನ್ನು ಕಂಡ ಸಮಾರ್ಯದ ಹೆಂಗಸಿನ ಮೇಲೆ ಪ್ರಸಂಗ ಮಾಡುತ್ತಾ, ಅವಳಿಗಿದ್ದ "ಐದು ಗಂಡಂದಿರು" ಅನ್ನುವಾಗ ದನಿ ಏರಿಸಿದರು. "ಮುಚ್ಚಿಟ್ಟರೂ ದೇವರಿಗೆ ಗೊತ್ತು" ಅಂದರು. ಮುಂದಿನ ಬೆಂಚಿನವರು ತಿರುಗಿ ನಿನ್ನನ್ನೇ ನೋಡಿದರು. ಸಂಗೀತ ಪುಸ್ತಕದ ಅಂಚನ್ನು ಒತ್ತಿ ಒತ್ತಿ ನಿನ್ನ ಹೆಬ್ಬೆರಳು ಬೆಳ್ಳಗಾಗಿತ್ತು. ನಿನ್ನ ಡೈವೋರ್ಸ್ ಆಗಿ ಇನ್ನೂ ವರ್ಷ ತುಂಬಿರಲಿಲ್ಲ. ನಮ್ಮ ಸಭೆಯೊಳಗೇ ನಿನಗೆ ಹೀಗಾಯಿತಲ್ಲ, ಕ್ಷಮಿಸು ಮಗಳೇ.

ಆದರೆ ಅವಳ ಕಥೆ ಇರುವ ಯೋಹಾನನ ಸುವಾರ್ತೆಯ 4ನೇ ಅಧ್ಯಾಯವನ್ನು ಅವರ ಕೈಗೆ ಬಿಟ್ಟುಕೊಡಬೇಡ. ಯಾಕೋಬನ ಬಾವಿ, ನಡುಮಧ್ಯಾಹ್ನ. ಯೇಸು ದಣಿದು ಕೂತಿದ್ದನು. ಆ ಹೆಂಗಸು ನೀರು ಸೇದಲು ಬಂದಳು. ಯೆಹೂದ್ಯರು ಸಮಾರ್ಯದವರ ಜೊತೆ ಬಳಕೆ ಇಟ್ಟುಕೊಳ್ಳದ ಕಾಲ ಅದು. ಅವಳ ಬದುಕು ಪೂರ್ತಿ ಗೊತ್ತಿದ್ದವನು ಮೊದಲು ಕೇಳಿದ್ದು ಏನು? ಕುಡಿಯಲು ನೀರು. ಆ ಗಂಡಂದಿರು ಸತ್ತರೋ, ಅವಳನ್ನು ಬಿಟ್ಟರೋ, ಬರೆದಿಲ್ಲ. ಮೋಶೆಯ ಧರ್ಮಶಾಸ್ತ್ರದ ಪ್ರಕಾರ ತ್ಯಾಗಪತ್ರ, ಅಂದರೆ ಡೈವೋರ್ಸ್ ಪತ್ರ, ಬರೆದುಕೊಡುವವನು ಗಂಡ. ಅವಳ ಜೊತೆ ಆಡಿದ ಅಷ್ಟೂ ಮಾತಿನಲ್ಲಿ ಯೇಸು ಪಾಪದ ಹೆಸರೇ ಎತ್ತಲಿಲ್ಲ, ನೋಡು ಬೇಕಾದರೆ. "ಇನ್ನು ಪಾಪ ಮಾಡಬೇಡ" ಅಂದದ್ದು 8ನೇ ಅಧ್ಯಾಯದಲ್ಲಿ, ಬೇರೆ ಹೆಂಗಸಿಗೆ. ಇವಳಂತೂ ಕೊಡ ಅಲ್ಲೇ ಬಿಟ್ಟು ಊರೊಳಗೆ ಹೋದಳು. ನಾನು ಮಾಡಿದ್ದನ್ನೆಲ್ಲಾ ಹೇಳಿದವನು ಇಲ್ಲಿದ್ದಾನೆ, ಬಂದು ನೋಡಿ ಅಂತ ಜನರನ್ನು ಕರೆದಳು. ಅವಮಾನ ಆದವಳು ಹಾಗೆ ಕರೆಯುತ್ತಾಳಾ?

ದೇವರ ನೋಟವೂ ಆ ಬೆಂಚಿನವರ ನೋಟದ ಹಾಗೇ ಅಂತ ನಿನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆಯೇನೋ ಅನ್ನೋದೇ ನನ್ನ ಭಯ. ರಾತ್ರಿ ಅದೇ ಯೋಚನೆ. ಎತ್ತರದ ಎಲೀಯಾಬನನ್ನು ಕಂಡು ಇವನೇ ಅರಸ ಅಂದುಕೊಂಡ ಪ್ರವಾದಿ ಸಮುವೇಲನಿಗೆ ಯೆಹೋವನು ಏನಂದನು? ಮನುಷ್ಯರು ಹೊರಗಿನದ್ದನ್ನು ನೋಡುತ್ತಾರೆ, ನಾನು ಹೃದಯ ನೋಡುತ್ತೇನೆ ಅಂದನು. ಆ ಗಂಡನ ಮನೆಯಲ್ಲಿ ಬಾಗಿಲು ಹಾಕಿದ ಮೇಲೆ ನೀನು ಏನೇನು ಸಹಿಸಿಕೊಂಡೆ ಅನ್ನೋದು ನನಗೇ ಅರ್ಧ ಗೊತ್ತಿಲ್ಲ. ಕೋರ್ಟಿನಲ್ಲೂ ನೀನು ಪೂರ್ತಿ ಹೇಳಲಿಲ್ಲ. ಆ ದೇವರಿಗೆ ಗೊತ್ತು. ನಿನ್ನ ಪರವಾಗಿ ಎಲ್ಲವನ್ನೂ ಕಂಡ ಸಾಕ್ಷಿ ಅವನೊಬ್ಬನೇ. ಅವನನ್ನೇ ಬೇಡ ಅಂದರೆ ಹೇಗೆ?

ಪ್ರಾರ್ಥನೆ ಬಿಡಬೇಡ. ಮಾತು ಬರದಿದ್ದರೆ ಸುಮ್ನೆ ಕೂತುಕೋ. ಮಾತು ನಾಲಿಗೆಗೆ ಬರುವ ಮೊದಲೇ ಅವನಿಗೆ ತಿಳಿದಿದೆ ಅಂತ 139ನೇ ಕೀರ್ತನೆಯಲ್ಲಿದೆ. ಸಮುದ್ರದ ಆಚೆ ಹೋಗಿ ಇದ್ದರೂ ಅವನ ಕೈ ಹಿಡಿದು ನಡೆಸುತ್ತದೆ ಅಂತಲೂ ಅಲ್ಲೇ ಇದೆ. ದಿನಾ ಓದು. ನೈಟ್ ಡ್ಯೂಟಿ ಇದ್ದಾಗ ಊಟ ತಪ್ಪಿಸಬೇಡ. ಅಪ್ಪನ ಉಪದೇಶ ಶುರುವಾಯಿತು ಅಂತೀಯಾ, ಅನ್ನು ಪರವಾಗಿಲ್ಲ. ಅಷ್ಟೆಲ್ಲಾ ಆದಮೇಲೂ ಪರೀಕ್ಷೆ ಪಾಸು ಮಾಡಿ ನರ್ಸ್ ಆಗಿ ಹೊರಟು ನಿಂತೆಯಲ್ಲ, ನನ್ನ ಮಗಳು ಅಂತ ಎಲ್ಲರ ಹತ್ತಿರವೂ ಹೇಳಿಕೊಂಡು ತಿರುಗುತ್ತಿದ್ದೇನೆ.

ಮೊನ್ನೆ ನಮ್ಮ ಸಭಾಪಾಲಕರನ್ನು ಕಂಡೆ. ಇನ್ನು ಮುಂದೆ ಯಾರು ಆ ಬಾವಿಯ ಅಧ್ಯಾಯದ ಮೇಲೆ ಪ್ರಸಂಗ ಮಾಡಿದರೂ 39ನೇ ವಚನದ ತನಕ ಓದಲಿ ಅಂದೆ. ಅವಳ ಸಾಕ್ಷಿಯಿಂದಲೇ ಆ ಊರಿನ ಬಹಳ ಜನ ನಂಬಿದರು ಅಂತ ಅಲ್ಲಿದೆ. ಅವರು ಒಪ್ಪಿದರು. ನಿನಗೆ ಫೋನ್ ಮಾಡಲಾ ಅಂತಲೂ ಕೇಳಿದರು. ನೀನು ಹೂಂ ಅಂದರೆ ಮಾತ್ರ ನಂಬರ್ ಕೊಡುತ್ತೇನೆ.

ಇಂತಿ,
ನಿನ್ನ ಅಪ್ಪ