ಎಲೆ ಮುರಿದದ್ದು ಯಾಕೆ ಅಂತ ನೋಡಿದೆಯಾ?

ಶಿವಾರಪಟ್ಟಣ

ಚಿ. ಮೌನೇಶನಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಮನೆ ಸುದ್ದಿಯನ್ನೆಲ್ಲ ನಿಮ್ಮಪ್ಪ ಫೋನಿನಲ್ಲಿ ಹೇಳುತ್ತಲೇ ಇರುತ್ತಾನೆ, ಅದು ಬೇಡ. ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, "ಪ್ರಭಾವಳಿಯ ಎಲೆ ಮುರಿದಾಗಿನಿಂದ ಕಲ್ಲಿನ ಮೇಲೆ ಉಳಿ ಇಡೋಕೆ ಕೈ ಏಳ್ತಿಲ್ಲ ದೊಡ್ಡಪ್ಪ" ಅಂತ, ನಾಲ್ಕು ದಿನದಿಂದ ಅದೇ ತಲೆಯಲ್ಲಿ ಕೂತಿದೆ.

ವಿಗ್ರಹದ ಹಿಂದಿನ ಕಮಾನಿನಲ್ಲಿ ನೀನು ಕೆತ್ತುತ್ತಿದ್ದ ಆ ಎಲೆ ಮುರಿದದ್ದು ನಿನ್ನ ಕೈಯಿಂದಲೇ ಅಂತ ನೀನು ತೀರ್ಮಾನ ಮಾಡಿಬಿಟ್ಟಿದ್ದೀಯ. ಮುರಿದ ಜಾಗ ನೋಡಿದೆಯಾ? ತುಂಡನ್ನು ಎಸೆದಿಲ್ಲ ಅಂದುಕೊಂಡಿದ್ದೇನೆ. ಅದನ್ನು ಬಿಸಿಲಿಗೆ ಹಿಡಿ. ಒಡೆದ ಮುಖ ಹಲಗೆ ಸೀಳಿದ ಹಾಗೆ ಚಪ್ಪಟೆಯಾಗಿ ಮಿನುಗುತ್ತಿದ್ದರೆ ಕಲ್ಲು ಪದರದಲ್ಲಿ ಬಿಟ್ಟಿದೆ. ಬಳಪದ ಕಲ್ಲಿಗೆ ಸಾಮಾನ್ಯವಾಗಿ ಪದರ ಇರುತ್ತದೆ. ಎಲೆ ಆ ಪದರಕ್ಕೆ ಅಡ್ಡವಾಗಿ ಚಾಚಿಕೊಂಡಿದ್ದರೆ ಎಷ್ಟು ಹಗುರವಾಗಿ ಹೊಡೆದರೂ ನಿಲ್ಲುವುದು ಕಷ್ಟ. ಅಂಚಿನಲ್ಲಿ ತುಕ್ಕಿನ ಬಣ್ಣ ಕಂಡರೆ ಅದು ಹಳೇ ಬಿರುಕು, ನೀನು ಮುಟ್ಟುವ ಮುಂಚೆಯೇ ಅಲ್ಲಿ ನೀರು ಇಳಿದಿದೆ. ಮುಖ ಒರಟಾಗಿ ತಾಜಾ ಬೂದು ಬಣ್ಣದಲ್ಲಿದ್ದು, ಉಳಿ ತಾಗಿದ ಕಡೆ ಬಿಳಿ ಮಚ್ಚೆ ಇದ್ದರೆ ಮಾತ್ರ ಪೆಟ್ಟಿನ ತಪ್ಪು. ಉಳಿಯನ್ನು ತೀರಾ ನೆಟ್ಟಗೆ ಹಿಡಿದು ಹೊಡೆದಾಗ ಕಲ್ಲು ಕತ್ತರಿಸುವುದಿಲ್ಲ, ಒಳಗೆ ಜಜ್ಜಿಹೋಗುತ್ತದೆ. ಆ ಬಿಳುಪು ಹಾಗೆ ಬರುವುದು. ಮೊಂಡು ಉಳಿಯೂ ಅದನ್ನೇ ಮಾಡುತ್ತದೆ.

ಈ ಭಯ ನನಗೆ ಹೊಸದಲ್ಲ, ಅದಕ್ಕೇ ನಿನ್ನ ಸಾಲು ಇಷ್ಟು ಚುಚ್ಚಿತು. ಮುರಿದೀತು ಅಂತ ಹೆದರಿ ಎಷ್ಟೋ ವರ್ಷ ನಾನು ಎಲೆಗಳನ್ನೆಲ್ಲ ದಪ್ಪವಾಗಿಯೇ ಬಿಟ್ಟೆ. ಒಂದೂ ಮುರಿಯಲಿಲ್ಲ, ಒಂದೂ ಎಲೆಯ ಹಾಗೆ ಕಾಣಲೂ ಇಲ್ಲ. ಆ ಪ್ರಭಾವಳಿಗಳು ಇನ್ನೂ ಗುಡಿಗಳಲ್ಲಿವೆ, ದೀಪದ ಬೆಳಕಿನಲ್ಲಿ ನೋಡಿದಾಗ ಸಂಕಟವಾಗುತ್ತದೆ. ನಿನಗೆ ಹಾಗಾಗಬಾರದು.

ಒಂದು ವೀಳ್ಯದೆಲೆ ತೆಗೆದುಕೊಂಡು ತಿರುಗಿಸಿ ನೋಡು. ಮೇಲ್ಗಡೆ ನರಗಳು ತುಸು ತಗ್ಗಿನಲ್ಲಿವೆ, ಅಡಿಯಲ್ಲಿ ಉಬ್ಬಿವೆ. ತೊಟ್ಟಿನ ಹತ್ತಿರ ನಡುನರ ದಪ್ಪ, ತುದಿಗೆ ಹೋಗುತ್ತ ಸಣ್ಣಗಾಗುತ್ತದೆ. ಅಷ್ಟು ತೆಳು ಎಲೆ ಗಾಳಿಗೆ ಹರಿಯದೆ ನಿಲ್ಲುವುದು ಆ ಅಡಿಯ ನರದಿಂದ. ಕಲ್ಲಿನಲ್ಲೂ ಹಾಗೇ ಮಾಡು. ಎದುರಿಗೆ ನಿಂತವನ ಕಣ್ಣಿಗೆ ಬೀಳುವುದು ಅಂಚು ಮಾತ್ರ. ಅಂಚು 2–3 ಮಿ.ಮೀ. ಇರಲಿ, ಅಲ್ಲಿಂದ ಹಿಂಬದಿಗೆ ಇಳಿಜಾರಾಗಿ ದಪ್ಪ ಏರುತ್ತ ನಡುನರದ ಅಡಿಯಲ್ಲಿ 10–12 ಮಿ.ಮೀ. ಉಳಿಯಲಿ. ಅಂಚಿನ ಹಿಂದೆ ನೆರಳು ಬಿದ್ದರೆ ಇಡೀ ಎಲೆ ತೆಳ್ಳಗೆ ಕಾಣುತ್ತದೆ. ನೀನು ಅಂಚನ್ನೂ ನಡುವನ್ನೂ ಒಂದೇ ಸಮ ತೆಳು ಮಾಡಿದ್ದೆಯೇನೋ ಅನ್ನುವ ಅನುಮಾನ ನನಗೆ. ತಪ್ಪು ತಿಳಿದಿದ್ದರೆ ಬಿಟ್ಟುಬಿಡು.

ಬೇಲೂರಿನ ಮದನಿಕೆಗಳು ಕೂಡ ಇಂಥ ಪದರದ ಬಳಪದ ಕಲ್ಲಿನವೇ. ಜಕಣಾಚಾರಿ ಕತೆ ನಿನಗೆ ಹೇಳಬೇಕಾಗಿಲ್ಲ, ಆದರೆ ಇನ್ನೊಂದು ಸಲ ಹೋದಾಗ ಹೊರಗಿನ 38 ಮದನಿಕೆಗಳ ತಲೆಮೇಲಿನ ಬಳ್ಳಿ ಚಪ್ಪರವನ್ನು ಪಕ್ಕದಿಂದ ನೋಡು. ಹಲಸಿನ ಹಣ್ಣಿನ ಮೇಲೆ ನೊಣ, ಅದಕ್ಕೆ ಹೊಂಚು ಹಾಕಿದ ಹಲ್ಲಿ ಇರುವ ಚಪ್ಪರವನ್ನಂತೂ ಬಿಡಬೇಡ. ಎದುರಿನಿಂದ ಜಾಲರಿಯಂತೆ ಕಂಡದ್ದರಲ್ಲಿ ಎಲೆ ಎಲ್ಲಿ ಎಲೆಗೆ ತಾಗಿದೆ, ಬಳ್ಳಿ ಎಲ್ಲಿ ಹಿಂದಿನ ಕಲ್ಲಿಗೆ ಒರಗಿದೆ ಅಂತ ಎಣಿಸು. ಶ್ರವಣಬೆಳಗೊಳದ ಗೊಮ್ಮಟನ ತೊಡೆ ತೋಳುಗಳಿಗೆ ಹಬ್ಬಿದ ಮಾಧವಿ ಬಳ್ಳಿ ಬೇರೆ ಥರ. ಅದು ಗ್ರಾನೈಟ್, ಬಳ್ಳಿ ಮೈಗೆ ಅಂಟಿಕೊಂಡೇ ಇದೆ, ಎಲ್ಲೂ ಬಿಟ್ಟು ನಿಂತಿಲ್ಲ. 981ರ ಸುಮಾರಿನಿಂದ ಬಿಸಿಲು ಮಳೆಗೆ ನಿಂತ ಕೆಲಸ ಅದು. ಯಾವ ಕಲ್ಲಿಗೆ ಎಂಥ ಎಲೆ ಅನ್ನುವುದನ್ನು ಅವರು ಉಳಿ ಇಡುವ ಮುಂಚೆಯೇ ನಿರ್ಧಾರ ಮಾಡಿಕೊಂಡಿದ್ದರು.

ಮತ್ತೆ ನಿನ್ನ ಕೈ ವಿಷಯಕ್ಕೇ ಬರುತ್ತೇನೆ. ಹೆದರಿದ ಕೈ ಉಳಿಯನ್ನು ಬಿಗಿಯಾಗಿ ಹಿಡಿಯುತ್ತದೆ, ಕಣ್ಣು ಸುತ್ತಿಗೆಯ ಕಡೆ ಹೋಗುತ್ತದೆ, ಹಾಗಾದಾಗಲೇ ಉಳಿ ಜಾರುವುದು. ಕಣ್ಣು ಉಳಿಯ ಬಾಯಲ್ಲಿರಲಿ, ಹಿಡಿತ ಸಡಿಲವಿರಲಿ. ಕೊನೆಗೆಲಸಕ್ಕೆ ಕಾಲು ಕಿಲೋ ಸುತ್ತಿಗೆ ಸಾಕು. ಪೆಟ್ಟು ಯಾವಾಗಲೂ ದಪ್ಪ ಕಲ್ಲಿನ ಕಡೆಗೆ ಹೋಗಬೇಕು. ಅಂಚಿನಿಂದ ಹೊರಕ್ಕೆ ಹೊಡೆದರೆ ಅಂಚೇ ಹಾರಿಹೋಗುತ್ತದೆ. ಇವೆಲ್ಲ ನಿನಗೆ ಗೊತ್ತಿರುವವು, ಆದರೂ ಬರೆಯದೆ ಮನಸ್ಸು ಕೇಳುತ್ತಿಲ್ಲ.

ಇನ್ನು ಕೆಲಸದ ಸರದಿ. ಸಂದುಗಳನ್ನು ಎಲೆ ತೆಳುವಾಗುವ ಮುಂಚೆಯೇ ತೂತು ಹೊಡೆದು ಮುಗಿಸಬೇಕು. 4 ಮಿ.ಮೀ. ಡ್ರಿಲ್ ಬಿಟ್ಟಿನಲ್ಲಿ ಎದುರಿನಿಂದ ಅರ್ಧ, ಹಿಂದಿನಿಂದ ಅರ್ಧ. ಒಂದೇ ಕಡೆಯಿಂದ ಪೂರ್ತಿ ಇಳಿಸಿದರೆ ಆಚೆ ಬದಿಯಲ್ಲಿ ಚಕ್ಕೆ ಏಳುತ್ತದೆ. ಎಲೆಯ ತುದಿಯನ್ನು ಮೊದಲು ಮುಗಿಸು, ತೊಟ್ಟು ಆಗ ಇನ್ನೂ ದಪ್ಪ ಇರಬೇಕು. ತೊಟ್ಟು ಕೊನೆಗೆ. ನೀನು ತೊಟ್ಟಿನಿಂದ ಶುರುಮಾಡಿದ್ದರೆ ತುದಿಗೆ ಹೊಡೆದ ಪ್ರತಿ ಪೆಟ್ಟೂ ಆ ಸಣ್ಣ ತೊಟ್ಟಿನ ಮೇಲೆ ಬಿದ್ದಿದೆ. ಎಲೆಗೂ ಹಿಂದಿನ ಹಲಗೆಗೂ ನಡುವೆ ಹೆಬ್ಬೆರಳು ದಪ್ಪದ ಕಲ್ಲನ್ನು ಕೊಂಡಿಯಂತೆ ಬಿಟ್ಟಿರು. ಅದನ್ನು ಕೊನೆಯ ದಿನ ತೆಗೆಯಬೇಕು, ಅದೂ ಹ್ಯಾಕ್ಸಾ ಬ್ಲೇಡಿನಿಂದ ಕುಯ್ದು, ಅರದಿಂದ ತೀಡಿ. ಅಲ್ಲಿ ಸುತ್ತಿಗೆ ಬೇಡ. ಕಲ್ಲನ್ನು ಬರಿ ನೆಲದ ಮೇಲೆ ಇಡಬೇಡ, ಮರಳು ಮೂಟೆ ಮೇಲೆ ಕೂರಿಸು, ಅದುರು ಕಮ್ಮಿಯಾಗುತ್ತದೆ.

ಮುಂದಿನ ಕಲ್ಲನ್ನು ತರುವಾಗ ಪೂರ್ತಿ ನೆನೆಸಿ ನೆರಳಲ್ಲಿ ಬಿಡು. ಎಲ್ಲ ಕಡೆ ಒಣಗಿದ ಮೇಲೂ ಗೆರೆಯಂತೆ ಕಪ್ಪಗೆ ಉಳಿದ ಕಡೆ ಬಿರುಕಿದೆ. ತಟ್ಟಿ ನೋಡು, ದನಿ ಬೊದ್ದಾಗಿದ್ದರೆ ಬೇಡ. ಕಲ್ಲು ಕುಯ್ಯುವ ಗ್ರೈಂಡರಿನಲ್ಲಿ ಕಾದ ಜಾಗಕ್ಕೆ ತಟ್ಟನೆ ನೀರು ಸುರಿಯಬೇಡ, ಸೀಳು ಬರುತ್ತದೆ. ಮೊದಲಿನಿಂದಲೇ ನೀರು ಬಿಟ್ಟುಕೊಂಡು ಕುಯ್ಯಿ, ದೂಳೂ ಕಮ್ಮಿ ಏಳುತ್ತದೆ. ಮೂಗಿಗೆ ಬಟ್ಟೆ ಕಟ್ಟಿದರೆ ಸಾಲದು, ಎನ್95 ಮಾಸ್ಕ್ ಹಾಕಿಕೋ. ಕಲ್ಲಿನ ದೂಳು ಎದೆಗೆ ಇಳಿದರೆ ಹೊರಗೆ ಬರುವುದಿಲ್ಲ ಕಣೋ.

ಮುರಿದ ಎಲೆಗೆ ಏನು ಮಾಡುವುದು ಅಂತ ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಅಂಟು ಹಾಕಿ ಕಲ್ಲುಪುಡಿ ತುಂಬಿದರೆ ಗೊತ್ತಾಗುವುದಿಲ್ಲ ಅಂತ ಯಾರಾದರೂ ಹೇಳಿಯಾರು. ಪೂಜೆಗೆ ಹೋಗುವ ಕೆಲಸ, ಹಾಗೆ ಮಾಡಬೇಡ. ಕೆಲಸ ಕೊಟ್ಟವರಿಗೆ ಮುರಿದದ್ದನ್ನು ಹೇಳು. ಅವರು ಒಪ್ಪಿದರೆ, ಉಳಿದ ಭಾಗದಲ್ಲಿ ತುದಿ ಹಿಂದಕ್ಕೆ ಮಡಚಿಕೊಂಡ ಎಲೆ ಬರುತ್ತದಾ ನೋಡು. ನಮ್ಮ ಹಿತ್ತಲ ಬಳ್ಳಿಯಲ್ಲೂ ಹತ್ತಕ್ಕೆ ಎರಡು ಎಲೆ ಮಡಚಿಕೊಂಡೇ ಇರುತ್ತವೆ.

ಅಷ್ಟಕ್ಕೂ ನಿನ್ನ ಕೈ ಏಳದಿದ್ದರೆ ಇದೆಲ್ಲ ಬರೆದು ಏನು ಪ್ರಯೋಜನ? ಆದ್ದರಿಂದ ಒಂದು ಮಾತು, ಮಾಡಲೇಬೇಕು ಅಂತಿಲ್ಲ. ಒಂದು ವಾರ ಪ್ರಭಾವಳಿ ಮುಟ್ಟಬೇಡ. ಅದೇ ಕಲ್ಲಿನ ವೇಸ್ಟ್ ಚೂರಿನಲ್ಲಿ ಐದು ಎಲೆ ಕೆತ್ತು, ಮೂರು ಎಲೆ ಪದರದ ಉದ್ದಕ್ಕೆ, ಎರಡು ಎಲೆ ಪದರಕ್ಕೆ ಅಡ್ಡ. ಕೆತ್ತಿದ ಮೇಲೆ ಬೇಕೆಂದೇ ಒಂದೊಂದನ್ನೂ ಮುರಿ. ಎಷ್ಟು ತೆಳುವಾದಾಗ, ಎಷ್ಟು ಜೋರು ಪೆಟ್ಟಿಗೆ, ಎಲ್ಲಿಂದ ಬಿಟ್ಟಿತು ಅಂತ ಪ್ರತಿ ತುಂಡಿನ ಹಿಂದೆ ಪೆನ್ಸಿಲ್ಲಿನಲ್ಲಿ ಬರೆದಿಡು. ನಾನು ಆ ಕೆಲಸ ನಿನ್ನ ವಯಸ್ಸಿನಲ್ಲಿ ಮಾಡಲಿಲ್ಲ.

ಹಬ್ಬಕ್ಕೆ ಬರುವಾಗ ಆ ತುಂಡುಗಳನ್ನು ಚೀಲದಲ್ಲಿ ಹಾಕಿಕೊಂಡು ಬಾ. ಮೊದಲು ಮುರಿದ ಆ ಎಲೆಯನ್ನೂ ತಾ.

ನಿನ್ನ ದೊಡ್ಡಪ್ಪ